ಹಂಪಿಯಲ್ಲಿ ನಾನು ಬಿಚ್ಚಿದ ಮುಡಿಪು

ಸಿರಿ, ಚೇತು, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನಿಮ್ಮ ಅಜ್ಜಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಎಂಬುದು ನಿಮಗೆ ಗೊತ್ತು. ಹೊಸಪೇಟೆಯ ನಮ್ಮ ಓಣಿಯಲ್ಲಿ ಸೋಮವಾರದ ಭಜನೆ ಮುಗಿದ ಮೇಲೆ ಭಕ್ತರು ತಮಗಾದ ಅನುಭವ ಹೇಳುತ್ತಾರೆ. ನಾನು ಕಂಬದ ಮರೆಯಲ್ಲಿ ಕೂತು ಕೇಳುತ್ತೇನೆ. "ನಿಮ್ಮದೂ ಒಂದು ಹೇಳ್ರಿ ಗಂಗಮ್ಮ" ಎಂದರೆ ಸಾಕು, ಪ್ರಸಾದ ಹಂಚುವ ನೆಪದಲ್ಲಿ ಎದ್ದು ಹೋಗುತ್ತೇನೆ. ಬಾಯಿಂದ ಆಗದ್ದು ಕೈಯಿಂದಾದರೂ ಆಗಲಿ ಎಂದು, ಸಿರಿ ಅರ್ಧ ಬಿಟ್ಟ ಗಣಿತದ ನೋಟುಬುಕ್ಕನ್ನು ತೆಗೆದುಕೊಂಡು ಕೂತಿದ್ದೇನೆ. ಬಂಡ್ರಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ನನ್ನದು. ತಪ್ಪಿದ್ದರೆ ನಗಬೇಡಿ.

ನಿಮ್ಮ ಅಮ್ಮ ನಿಮಗೆ "ಅಜ್ಜಿಗೆ ಕಾಲು ನೋವು" ಎಂದಷ್ಟೇ ಹೇಳಿದ್ದಾಳೆ. ನನಗಿರುವುದು ಮೆಲನೋಮಾ. ಚರ್ಮದಲ್ಲಿ ಹುಟ್ಟಿ ಮೈಯೊಳಗೆ ಹರಡುವ ಕ್ಯಾನ್ಸರ್. ಓಣಿಯ ಹೆಂಗಸರು ಅದರ ಹೆಸರು ಹೇಳದೆ "ಆ ರೋಗ" ಎನ್ನುತ್ತಾರೆ, ಹೆಸರು ಹೇಳಿದರೆ ತಮ್ಮ ಮನೆಗೂ ಬಂದೀತು ಎಂಬಂತೆ. ನಾನು ಹೆಸರು ಹಿಡಿದೇ ಬರೆಯುತ್ತೇನೆ. ಅದು ನನ್ನ ಮೈಯಲ್ಲಿ ಬಾಡಿಗೆ ಕೊಡದೆ ಬಂದು ಕೂತಿದೆ, ಅದಕ್ಕೇನು ಮರ್ಯಾದೆ.

ಕಳೆದ ಯುಗಾದಿಗೆ ಎರಡು ವರ್ಷ ತುಂಬಿತು. ಎಡಗಾಲಿನ ಹಿಮ್ಮಡಿಯ ಕೆಳಗೆ ಒಂದು ಕಪ್ಪು ಚುಕ್ಕೆ ಕಂಡೆ. ನಾನು ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ದಿನವೂ ಸೌದೆ ತರುವ ಕಾಲು ಅದು, ಮುಳ್ಳು ಮುರಿದಿದೆ ಎಂದುಕೊಂಡು ಸೂಜಿಯಿಂದ ಕೆದಕಿದೆ. ಮುಳ್ಳು ಬರಲಿಲ್ಲ. ಆಣಿ ಎಂದರು ಯಾರೋ. ಸುಣ್ಣ ಬೆಲ್ಲ ಕಲಸಿ ಕಟ್ಟಿದೆ. ಹೀಗೆ ಆರು ತಿಂಗಳು ಕಳೆದೆ. ಒಂದು ದಿನ ಬಚ್ಚಲಿನ ಕಲ್ಲಿನ ಮೇಲೆ ನನ್ನ ಹೆಜ್ಜೆ ರಕ್ತದಲ್ಲಿ ಮೂಡಿತ್ತು. ನಿಮ್ಮ ಅಮ್ಮ ಶೈಲಾ ದೋಣಿಮಲೈಯಿಂದ ಬಂದವಳು ಅದನ್ನು ನೋಡಿ, ನನ್ನನ್ನು ಮರುದಿನವೇ ಹುಬ್ಬಳ್ಳಿಯ ರೈಲು ಹತ್ತಿಸಿದಳು.

ಕಾರ್ತಿಕದಲ್ಲಿ ಆಪರೇಷನ್ ಆಯಿತು. ಹಿಮ್ಮಡಿಯ ಮಾಂಸ ತೆಗೆದು, ತೊಡೆಯ ಚರ್ಮ ತಂದು ಅಲ್ಲಿ ಹಚ್ಚಿದರು. ಮುಗಿಯಿತು ಎಂದುಕೊಂಡೆ. ಸಂಕ್ರಾಂತಿಯ ಎಳ್ಳು ಹಚ್ಚಿಕೊಂಡು ನೀರು ಹಾಕಿಕೊಳ್ಳುವಾಗ ತೊಡೆಯ ಸಂದಿಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತು. ಮತ್ತೆ ಹುಬ್ಬಳ್ಳಿ, ಮತ್ತೆ ಸ್ಕ್ಯಾನು. ರೋಗ ಪುಪ್ಪುಸಕ್ಕೂ ಹೋಗಿದೆ, ಅಲ್ಲಿ ನಾಲ್ಕಾರು ಚುಕ್ಕೆಗಳಿವೆ ಎಂದರು ಡಾಕ್ಟರಮ್ಮ. ಗಂಟಿನ ಒಂದು ತುಣುಕು ತೆಗೆದುಕೊಂಡರು. "ಇದನ್ನ ದೊಡ್ಡ ಪರೀಕ್ಷೆಗೆ ಕಳಸ್ತೀವಿ. ಇದರೊಳಗ ಒಂದು ದೋಷ ಐತೋ ಇಲ್ಲೋ ನೋಡಬೇಕು. ಮೂರು ವಾರ ಹಿಡಿತೈತಿ" ಎಂದರು. ಶೈಲಾ ಅರ್ಧ ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಏನು ದೋಷ, ಯಾಕೆ ಹುಡುಕುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ನಾಚಿಕೆ ನನ್ನ ನಾಲಿಗೆ ಹಿಡಿದುಕೊಂಡಿತ್ತು.

ಮನೆಗೆ ಬಂದವಳೇ ಹಳದಿ ಬಟ್ಟೆಯ ತುಂಡಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಗಂಟು ಹಾಕಿ ದೇವರ ಮುಂದಿಟ್ಟೆ. ನಿಮಗೆ ತಿಳಿಯಲಿ ಎಂದು ಹೇಳುತ್ತೇನೆ, ಇದನ್ನೇ ಮುಡಿಪು ಕಟ್ಟುವುದು ಎನ್ನುತ್ತಾರೆ. ಬೇಡಿದ್ದು ನಡೆದ ಮೇಲೆ ಅದನ್ನು ಒಯ್ದು ದೇವರಿಗೆ ಒಪ್ಪಿಸಬೇಕು. "ಹಂಪಿಯ ವಿರೂಪಾಕ್ಷ, ನನ್ನ ಗಂಟಿನಲ್ಲಿ ಯಾವ ದೋಷವೂ ಸಿಗದಿರಲಿ" ಎಂದು ಬೇಡಿಕೊಂಡೆ. ದೋಷ ಬೇಡ ಎಂದು ಬೇಡದವರು ಯಾರಿದ್ದಾರೆ?

ಅದೇ ವಾರ, ನನ್ನ ರೋಗದ ಸುದ್ದಿ ತಿಳಿದು, ಕಂಪ್ಲಿಯಿಂದ ಗೌರಮ್ಮನವರ ಫೋನು ಬಂತು. ಅವರು ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಏಳು ವರ್ಷದಿಂದ ನಮ್ಮಲ್ಲಿ ಮಾತಿರಲಿಲ್ಲ. ಅವರ ಮಗನ ಮದುವೆಯಲ್ಲಿ ಅರಿಶಿಣ ಹಚ್ಚಲು ನಾನು ಮುಂದೆ ಬಂದಾಗ, "ನೀ ಹಿಂದ ಕುಂದ್ರು ಗಂಗಾ" ಎಂದಿದ್ದರು. ಗಂಡ ಸತ್ತವಳು ಎಂದು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಉಣ್ಣದೆ ಬಸ್ಸು ಹತ್ತಿದ್ದೆ. ಈಗ ಫೋನಿನಲ್ಲಿ ಪರೀಕ್ಷೆಯ, ನನ್ನ ಮುಡಿಪಿನ ವಿಷಯ ಕೇಳಿ, "ನಾನೂ ಮುಡಿಪು ಕಟ್ತೀನಿ. ದೋಷಗೀಷ ಏನೂ ಸಿಗಂಗಿಲ್ಲ ಹೋಗು" ಎಂದು ಫೋನ್ ಇಟ್ಟರು.

ಶಿವರಾತ್ರಿ ಮುಗಿದ ಭಾನುವಾರ ದೋಣಿಮಲೈಯ ನಿಮ್ಮ ಕ್ವಾರ್ಟರ್ಸಿಗೆ ಬಂದಿದ್ದೆ. ನೀವಿಬ್ಬರೂ ಹೊರಗೆ ಆಡುತ್ತಿದ್ದಿರಿ. ಶೈಲಾ ನನಗೆ ಅನ್ನ ಬಡಿಸುತ್ತ, ಈ ವಾರ ರಿಪೋರ್ಟು ಬರುತ್ತದೆ ಎಂದಳು.

"ಏನೂ ಸಿಗಂಗಿಲ್ಲ ನೋಡು. ಮುಡಿಪು ಕಟ್ಟೀನಿ, ದೋಷ ಇರಬಾರದು ಅಂತ" ಎಂದೆ.

ಅವಳ ಕೈಯ ಸೌಟು ನಿಂತಿತು. "ಅವ್ವಾ, ಏನಂತ ಕಟ್ಟಿದಿ?"

ಮತ್ತೆ ಹೇಳಿದೆ. ಅವಳು ನನ್ನ ಎದುರು ನೆಲಕ್ಕೆ ಕೂತಳು.

"ಅವ್ವಾ, ಆ ದೋಷ ಇದ್ರನ ಗುಳಿಗಿ ಕೊಡೋದು. ಡಾಕ್ಟರಮ್ಮ ನಿನ್ನ ಮುಂದನ ಹೇಳಿದ್ರಲ್ಲ. ಆ ಗುಳಿಗಿ ಕೀಲಿಕೈ ಇದ್ದಂಗ. ಗಂಟಿನಾಗ ಆ ದೋಷದ ಕೀಲಿ ಇದ್ರ ತಿರುಗತೈತಿ, ಇಲ್ಲಂದ್ರ ಇಲ್ಲ."

"ಸೂಜಿ ಔಷಧ ಐತಿ ಅಂದಿದ್ರಲ್ಲ?"

"ನಿನಗ ಸಂಧಿವಾತ ಐತಿ, ಅದಕ್ಕ ಆ ಸೂಜಿ ಆಗಂಗಿಲ್ಲ, ಭಾಳ ಅಪಾಯ ಅಂದಾರ. ಈ ಗುಳಿಗಿನ ನಮಗಿರೋ ದಾರಿ. ಅದಕ್ಕ ಆ ದೋಷ ಇರ್ಲೇಬೇಕು."

ನನ್ನ ಸಾವನ್ನು ನಾನೇ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದಿಟ್ಟು, ದಿನಾ ಎರಡು ಹೊತ್ತು ಊದಿನಕಡ್ಡಿ ಹಚ್ಚಿದ್ದೆ. ನಾನಷ್ಟೇ ಅಲ್ಲ, ಕಂಪ್ಲಿಯಲ್ಲಿ ಇನ್ನೊಬ್ಬರಿಂದಲೂ ಕಟ್ಟಿಸಿದ್ದೆ.

ಶೈಲಾ ನಕ್ಕಳು, ಆಮೇಲೆ ಅತ್ತಳು. "ಹೋಗ್ಲಿ ಬಿಡವ್ವ. ದೇವರಿಗೆ ತಿಳಿಯಂಗಿಲ್ಲೇನು, ನಿನ್ನ ಮನಸಿನಾಗ ಏನಿತ್ತು ಅಂತ?"

"ತಿಳೀತೈತಿ. ಆದ್ರ ನಾ ಬಾಯಿ ಬಿಟ್ಟು ಕೇಳಿದ್ದು ಅದನ್ನ. ನನ್ನ ಮಾತು ನಾನ ಹಿಂದಕ್ಕ ತಗೋಬೇಕು."

"ತುಣುಕು ತಗದು ಮೂರು ವಾರ ಆತು. ಇರೋದು ಅದರೊಳಗ ಆಗಲೇ ಐತಿ, ಇಲ್ಲದ್ದು ಇಲ್ಲ. ಈಗ ಬೇಡಿದ್ರ ಏನು ಬದಲಾಗತೈತಿ?"

ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಅವಳ ಪ್ರಶ್ನೆ ಸರಿಯಾದದ್ದೇ. ನಾನು ಕೈ ತೊಳೆದುಕೊಂಡು ಹೇಳಿದೆ: "ನಿನಗ ನಿನ್ನೆ ಬ್ಯಾರೆ, ನಾಳೆ ಬ್ಯಾರೆ. ಅವನಿಗೆ ಹಂಗೇನಿಲ್ಲ."

ಮುಡಿಪನ್ನು ಹರಕೆ ತೀರುವ ಮೊದಲು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಬಿಚ್ಚಲೇಬೇಕಾದರೆ ಕಟ್ಟಿದ ಕೈಯೇ ಬಿಚ್ಚಬೇಕು. ಹಾಗಾಗಿ ನನಗೆ ಎರಡು ಕೆಲಸವಿದ್ದವು. ಕಂಪ್ಲಿಗೆ ಹೋಗಿ ಗೌರಕ್ಕನ ಕೈಯಿಂದ ಅವರದನ್ನು ಬಿಚ್ಚಿಸಬೇಕು, ಹಂಪಿಗೆ ಹೋಗಿ ನನ್ನದನ್ನು ವಿರೂಪಾಕ್ಷನ ಮುಂದೆಯೇ ಬಿಚ್ಚಬೇಕು. ಅದೇ ಸಂಜೆ ಸಂಡೂರಿನ ಮೇಲೆ ಹೊಸಪೇಟೆಗೆ ಬಂದು, ಮುಡಿಪನ್ನು ಸೆರಗಿಗೆ ಕಟ್ಟಿಕೊಂಡು, ಸೋಮವಾರ ಬೆಳಿಗ್ಗೆ ಕಂಪ್ಲಿಯ ಬಸ್ಸು ಹತ್ತಿದೆ. ಶೈಲಾ ರಜೆ ಹಾಕಿ ಬರುತ್ತೇನೆ ಎಂದಿದ್ದಳು, ಬೇಡ ಎಂದೆ. ನಾಚಿಕೆಯವಳು ಒಬ್ಬಳೇ ಹೋದರೆ ಮಾತಾಡಲೇಬೇಕಾಗುತ್ತದೆ.

ಗೌರಕ್ಕ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ನನ್ನ ಕೋಲು ನೋಡಿದರು, ಕಾಲು ನೋಡಿದರು.

"ಏಳು ವರ್ಷ ಆತು ಈ ಹೊಸ್ತಿಲ ತುಳಿದು. ಎರಡು ಕಾಲು ನೆಟ್ಟಗಿದ್ದಾಗ ಬರ್ಲಿಲ್ಲ, ಈಗ ಒಂದರಾಗ ಬಂದಿ."

"ನೀವು ಕಟ್ಟಿದ ಮುಡಿಪು ಬಿಚ್ಚಬೇಕ್ರಿ ಅಕ್ಕ" ಎಂದೆ. ಕುಶಲ ಕೇಳಿದರೆ ಧೈರ್ಯ ಹೋಗುತ್ತದೆಂದು ನೇರ ಅದನ್ನೇ ಹೇಳಿದೆ. ಯಾಕೆಂದು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ.

ಅವರು ಮೊರವನ್ನು ಪಕ್ಕಕ್ಕಿಟ್ಟರು. "ದೋಷ ಇರ್ಲಿ ಅಂತ ಬೇಡ್ತೀ?"

"ಹೂಂ ರೀ."

"ನಿನ್ನ ಮೈಯಾಗ?"

"ನನ್ನ ಮೈಯಾಗನ."

"ತಲಿ ನೆಟ್ಟಗೈತೇನು ನಿನಗ? ದೇವರ ಮುಂದ ನಿಂತು ಕೆಟ್ಟದ್ದು ಕೊಡು ಅನ್ನೋ ಹೆಂಗಸನ್ನ ನಾ ಎಲ್ಲೂ ಕಂಡಿಲ್ಲ. ಅವ ಅಸ್ತು ಅಂದ್ರ ಏನ್ ಮಾಡ್ತಿ?"

"ಅಸ್ತು ಅನ್ಲಿ ಅಂತನ ಹೊಂಟೀನಿ. ರೋಗ ಐತ್ರಿ ಅಕ್ಕ. ನೀವು ಬ್ಯಾಡ ಅಂದ್ರೂ ಐತಿ, ನಾ ಬ್ಯಾಡ ಅಂದ್ರೂ ಐತಿ. ಅದರ ಬಾಗಿಲಿಗೆ ಕೀಲಿ ಇರ್ಲಿ ಅಂತ ಕೇಳಾಕತ್ತೀನಿ."

"ನಾ ಬಿಚ್ಚಂಗಿಲ್ಲ" ಎಂದರು. "ನೀ ಚಲೋ ಇರ್ಲಿ ಅಂತ ಕಟ್ಟೀನಿ. ಬಿಚ್ಚಿದ ಮ್ಯಾಲೆ ನಿನಗೇನರ ಆದ್ರ, ಆ ಪಾಪ ನನ್ನ ಕೈಗೆ. ಏಳು ವರ್ಷದ್ದ ಒಂದು ಐತಿ, ಅದರ ಮ್ಯಾಲೆ ಇದೊಂದು ಬ್ಯಾಡ. ಕೈಕಾಲು ತೊಳಕ, ಉಂಡು ಹೋಗು."

"ಬಿಚ್ಚಿದ ಮ್ಯಾಲೆ ಉಣ್ತೀನಿ" ಎಂದು ಎದ್ದೆ. ಎರಡನೆಯ ಸಲ ಆ ಮನೆಯಿಂದ ಉಣ್ಣದೆ ಹೊರಟೆ. ಮೊದಲ ಸಲ ಅಳುತ್ತ ಹೋಗಿದ್ದೆ, ಈ ಸಲ ಅಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಮಾತ್ರ, ಒಂದು ಗಂಟು ನನ್ನ ಸೆರಗಿನಲ್ಲಿದೆ, ಇನ್ನೊಂದು ಕಂಪ್ಲಿಯ ದೇವರ ಜಗುಲಿಯ ಮೇಲೆ ನನ್ನ ವಿರುದ್ಧ ಕೂತಿದೆ ಎನ್ನಿಸಿತು.

ಕಮಲಾಪುರದಲ್ಲಿ ಇಳಿದು ಆಟೋ ಹಿಡಿದು ಹಂಪಿ ಮುಟ್ಟಿದಾಗ ನಡುಹೊತ್ತು. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡಲೇಬೇಕು. ಹಿಮ್ಮಡಿಗೆ ಹಚ್ಚಿದ್ದ ತೊಡೆಯ ಚರ್ಮ ಇನ್ನೂ ನೆಲ ಕಂಡಿರಲಿಲ್ಲ. ಅಂಗಳದ ಬಂಡೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಕೋಲೂರಿ, ಕಾಲ್ಬೆರಳ ತುದಿಯ ಮೇಲೆ ನಡೆದೆ. ಸೋಮವಾರವಾದ್ದರಿಂದ ಸಾಲು ಉದ್ದವಿತ್ತು.

ಗರ್ಭಗುಡಿಯ ಮುಂದೆ ಬಂದಾಗ ಸೆರಗಿನಿಂದ ಮುಡಿಪು ತೆಗೆದು ಬಿಚ್ಚಲು ಹೋದೆ. ಮೂರು ವಾರದ ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಮನಸ್ಸಿನಲ್ಲೇ ಹೇಳಿದರೆ ಸಾಲದು ಎನ್ನಿಸಿತು. ನಿಮ್ಮ ಅಜ್ಜಿ ಅವತ್ತು ಅಷ್ಟು ಜನರ ನಡುವೆ ಗಟ್ಟಿಯಾಗಿ ಮಾತಾಡಿದಳು.

"ತಂದೆ, ಹೋದ ಸಲ ತಿಳಿಯದ ಕೇಳಿದ್ದೆ, ಅದನ್ನ ಬಿಡು. ನನ್ನ ಗಂಟಿನಾಗ ಆ ದೋಷ ಇರ್ಲಿ. ಎಲ್ಲರೂ ನಿನ್ನ ಹತ್ರ ಹಾಲು ಹಣ್ಣು ಕೇಳ್ತಾರ. ನೀ ವಿಷ ಕುಡಿದು ಗಂಟಲಾಗ ಇಟ್ಕೊಂಡಾಂವ, ವಿರೂಪಾಕ್ಷ ಅಂತ ಹೆಸರಿನಾಗನ ನೆಟ್ಟನ ಕಣ್ಣಿಲ್ಲದಾಂವ. ಕೆಟ್ಟದ್ದು ಕೇಳಿದ್ರ ನೀ ಹೆದರಂಗಿಲ್ಲ. ನಾನೂ ಹೆದರಂಗಿಲ್ಲ."

ಹಿಂದೆ ನಿಂತಿದ್ದ ಗಂಡಸೊಬ್ಬರು, "ಅಮ್ಮಾರ, ಏನ್ ಬೇಡಾಕತ್ತೀರಿ, ನೋಡಿ ಬೇಡ್ರಿ" ಎಂದರು.

"ನೋಡಿನ ಬೇಡಾಕತ್ತೀನ್ರಿ. ಹೋದ ಸಲ ನೋಡದ ಬೇಡಿದ್ದೆ" ಎಂದೆ.

ಅರ್ಚಕರು ನಕ್ಕು ವಿಭೂತಿ ಕೊಟ್ಟರು. ನಾಣ್ಯವನ್ನು ಹುಂಡಿಗೆ ಹಾಕಿದೆ. ಹೊರಗೆ ಬಂದು ಮಂಟಪದ ನೆರಳಿನಲ್ಲಿ ಕೂತಾಗ ಹಿಮ್ಮಡಿ ಉರಿಯುತ್ತಿತ್ತು. ಕಂಪ್ಲಿಯ ಗಂಟು ಒಂದು ಉಳಿದೇ ಇತ್ತು. "ಅದು ನಿನಗೆ ಬಿಟ್ಟದ್ದು" ಎಂದು ಗೋಪುರದ ಕಡೆ ನೋಡಿ ಹೇಳಿ ಬಸ್ಸಿಗೆ ಹೊರಟೆ.

ಗುರುವಾರ ಹನ್ನೊಂದರ ಹೊತ್ತಿಗೆ ಶೈಲಾಳ ಫೋನು. ಶಾಲೆಯ ಗದ್ದಲದ ನಡುವೆ ಒಂದೇ ಮಾತು ಕೇಳಿಸಿತು. "ಐತಿ ಅವ್ವ. ಐತಿ."

ಹಿಟ್ಟು ನಾದುವ ಕೊಣಮಿಗೆಯಲ್ಲಿ ಅರ್ಧ ಬಡಿದ ರೊಟ್ಟಿಯಿತ್ತು. ಅದನ್ನು ಪೂರ್ತಿ ಬಡಿದು, ಬೇಯಿಸಿ, ಆಮೇಲೆ ದೇವರ ಮುಂದೆ ಅಡ್ಡ ಬಿದ್ದೆ.

ಹುಬ್ಬಳ್ಳಿಯಲ್ಲಿ ಡಾಕ್ಟರಮ್ಮ ಕಾಗದ ತೋರಿಸಿ ಹೇಳಿದರು: "ಅಂಗಾಲಿನಾಗ ಹುಟ್ಟೋ ಗಂಟಿನಾಗ ಇದು ಸಿಗೋದು ಕಡಿಮಿ ರೀ ಅಮ್ಮಾರ. ಖರೇ ಹೇಳ್ಬೇಕಂದ್ರ ನಾನೂ ಆಸೆ ಇಟ್ಟಿರ್ಲಿಲ್ಲ."

"ನಾನು ಕೇಳಿಕೊಂಡಿದ್ದೆ ರೀ" ಎಂದೆ. ಅವರ ಮುಂದೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಬಾಯಿ ತೆರೆದ ಮೇಲೆ ಸುಮ್ಮನಾಗಲಿಲ್ಲ. ಗುಳಿಗೆ ಏನು ಮಾಡುತ್ತದೆ, ಏನು ಕಾಟ ಕೊಡುತ್ತದೆ, ಎಷ್ಟು ದಿನ ಕೆಲಸ ಮಾಡುತ್ತದೆ, ಎಲ್ಲವನ್ನೂ ಕೇಳಿದೆ. "ರೋಗ ಪೂರ್ತಿ ಹೋಗತೈತಿ ಅಂತ ನಾ ಹೇಳಂಗಿಲ್ಲ. ತಡೀತೈತಿ. ಎಷ್ಟು ದಿನ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು" ಎಂದರು. ಸುಳ್ಳು ಹೇಳದ ಡಾಕ್ಟರು ಸಿಕ್ಕದ್ದೂ ಕೃಪೆಯೇ.

ಎರಡು ಬಗೆಯ ಗುಳಿಗೆ. ಒಂದನ್ನು ಬೆಳಿಗ್ಗೆ ಸಂಜೆ ಹನ್ನೆರಡು ತಾಸಿನ ಅಂತರದಲ್ಲಿ ನುಂಗಬೇಕು, ಇನ್ನೊಂದು ದಿನಕ್ಕೊಮ್ಮೆ. ಉಂಡು ಎರಡು ತಾಸು ಆಗಿರಬೇಕು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. "ಇದು ಭಾಳ ಮಂದಿಗೆ ಕಷ್ಟ ಆಗತೈತಿ" ಎಂದರು ನರ್ಸಮ್ಮ. ನನಗೇನು ಕಷ್ಟ? ಮದುವೆಯಾದಾಗಿನಿಂದ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಿದವಳಲ್ಲ. ಆ ನೀರಿನ ಜೊತೆಗೇ ಐದೂವರೆಗೆ ಗುಳಿಗೆ, ಆಮೇಲೆ ಸ್ನಾನ, ಪೂಜೆ, ಅಷ್ಟರಲ್ಲಿ ಒಂದು ತಾಸು ತಾನಾಗಿ ಮುಗಿಯುತ್ತದೆ. ಎರಡನೆಯ ಬಗೆಯದು ಫ್ರಿಜ್ಜಿನಲ್ಲಿರಬೇಕು. ಶೈಲಾ ತನ್ನ ಹಳೆಯದನ್ನು ತಂದಿಟ್ಟಳು. ಅದರ ಬಾಗಿಲಿಗೆ ವಿಭೂತಿ ಹಚ್ಚಿದ್ದೇನೆ. ಚೇತು, ನೀನು ಅದನ್ನು ನೋಡಿ "ಅಜ್ಜಿ ಫ್ರಿಜ್ಜಿಗೂ ಪೂಜೆ ಮಾಡ್ತಾಳ" ಎಂದು ನಕ್ಕಿದ್ದು ಇದಕ್ಕೇ.

ಮೂರನೆಯ ವಾರ ಜ್ವರ ಬಂತು. ಚೈತ್ರದ ಬಿಸಿಲಿನಲ್ಲಿ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. "ಗುಳಿಗಿನ ನಿಮ್ಮನ್ನ ಸುಡಾಕತ್ತೈತಿ, ಅದನ್ನ ಒಗೀರಿ, ನಮ್ಮ ಕಡೆ ಬೇರು ಕೊಡೋರು ಇದಾರ" ಎಂದರು ಪಕ್ಕದ ಮನೆಯವರು. ಇನ್ನೊಬ್ಬರು ಬಾಗಿಲಲ್ಲೇ ನಿಂತು, "ದೋಷ ಬೇಡಿದ್ಳಂತ, ಈಗ ಉಣ್ತಾಳ" ಎಂದದ್ದೂ ಕಿವಿಗೆ ಬಿತ್ತು. ಕಂಬಳಿಯೊಳಗಿಂದಲೇ ಹೇಳಿದೆ: "ಬೇಡಿದಾಕಿ ನಾನು, ಉಣ್ಣಾಕಿ ನಾನು. ನೀವ್ಯಾಕ ಬೆವರ್ತೀರಿ." ಜ್ವರ ಬರಬಹುದು, ಬಂದರೆ ಗುಳಿಗೆ ನಿಲ್ಲಿಸಿ ಕೂಡಲೇ ಫೋನ್ ಮಾಡಿ ಎಂದು ಆಸ್ಪತ್ರೆಯವರು ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ನಾನೇ ಫೋನ್ ಮಾಡಿದೆ. ಅವರು ಹೇಳಿದಂತೆ ನಿಲ್ಲಿಸಿದೆ.

ಮರುದಿನ ಮೊದಲ ಬಸ್ಸಿಗೆ ಗೌರಕ್ಕ ಬಂದಿಳಿದರು. ಶೈಲಾ ತಿಳಿಸಿದ್ದಳಂತೆ. ಬಂದವರೇ ಗಂಜಿ ಕಾಯಿಸಿದರು, ಒದ್ದೆ ಬಟ್ಟೆಯಿಂದ ಮೈ ಒರೆಸಿದರು. ಸಂಜೆ ಜ್ವರ ಇಳಿದಾಗ ಸೊಂಟದ ಚೀಲದಿಂದ ಮಡಿಚಿದ ಹಳದಿ ಬಟ್ಟೆ ತೆಗೆದು ನನ್ನ ಎದೆಯ ಮೇಲೆ ಹಾಕಿದರು. ಬರಿಯ ಬಟ್ಟೆ, ಗಂಟು ಇರಲಿಲ್ಲ.

"ಯಾವಾಗ ಬಿಚ್ಚಿದ್ರಿ?"

"ನೀ ಹೋದ ದಿನಾನ. ನೀ ಬಸ್ ಸ್ಟ್ಯಾಂಡ್ ಮುಟ್ಟಿರ್ಲಿಲ್ಲ, ನಾ ಬಿಚ್ಚಿದ್ದೆ."

"ಅವತ್ತ ಯಾಕ ಹೇಳ್ಲಿಲ್ರಿ?"

"ಏನಂತ ಹೇಳ್ಲಿ? ನಿನಗ ಕೇಡು ಬೇಡೀನಿ ಅಂತನಾ? ಮೂರು ದಿನ ನನ್ನ ಗಂಟಲಾಗ ನೀರು ಇಳೀಲಿಲ್ಲ." ಒದ್ದೆ ಬಟ್ಟೆ ಹಿಂಡುತ್ತ, "ಅರಿಶಿಣದ ದಿನದ್ದೂ ಬಿಚ್ಚಾಕ ಬರೋ ಹಂಗಿದ್ರ ಬಿಚ್ಚತಿದ್ದೆ" ಎಂದರು.

"ಅದಕ್ಕ ಗಂಜಿ ಕುಡಿಸಿದ್ರಲ್ಲ" ಎಂದೆ.

"ಭಾಳ ಮೆರೀಬ್ಯಾಡ. ಇನ್ನರ್ಧ ಬಟ್ಟಲ ಐತಿ, ಕುಡಿ."

ನಾಲ್ಕು ದಿನದ ಮೇಲೆ, ಡಾಕ್ಟರಮ್ಮ ಹೇಳಿದ ಮೇಲೆ, ಗುಳಿಗೆ ಮತ್ತೆ ಶುರು ಮಾಡಿದೆ. ಜ್ವರ ಇನ್ನೆರಡು ಸಲ ಬಂತು, ಹೋಯಿತು. ಅಂಗೈ ದಪ್ಪಗಾಗಬಹುದು ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದು ನೋಡಿ, "ಇದು ಗುಳಿಗಿಂದೋ ರೊಟ್ಟಿದೋ" ಎಂದು ಕೇಳಿದರು. ಮೂವತ್ತು ವರ್ಷದ ರೊಟ್ಟಿ ಅದು, ಗುಳಿಗೆಗೆ ಜಾಗ ಎಲ್ಲಿದೆ?

ಆಷಾಢದಲ್ಲಿ ಸ್ಕ್ಯಾನ್ ಮಾಡಿದರು. ತೊಡೆಸಂದಿಯ ಗಂಟು ಕೈಗೆ ಸಿಗುತ್ತಿರಲಿಲ್ಲ. ಪುಪ್ಪುಸದ ಚುಕ್ಕೆಗಳಲ್ಲಿ ಕೆಲವು ಮಾಯವಾಗಿದ್ದವು, ಉಳಿದವು ಸಣ್ಣಗಾಗಿದ್ದವು. ಆಮೇಲಿನ ಸ್ಕ್ಯಾನುಗಳಲ್ಲೂ ಅವು ಹಾಗೇ ಇವೆ. ಗುಳಿಗೆ ಶುರುವಾಗಿ ಈ ತಿಂಗಳಿಗೆ ಹದಿನಾಲ್ಕು ತಿಂಗಳು. ಖಾನಾವಳಿಗೆ ಮತ್ತೆ ರೊಟ್ಟಿ ಕೊಡುತ್ತಿದ್ದೇನೆ, ಮೊದಲಿನ ಅರ್ಧದಷ್ಟು. ಮೆತ್ತನೆ ಚಪ್ಪಲಿ ಹಾಕಿಕೊಂಡು ಒಲೆಯ ಮುಂದೆ ಕೂರುತ್ತೇನೆ.

ರೋಗ ಹೋಗಿಲ್ಲ. ಮುಂದೆ ಯಾವತ್ತೋ ಅದು ಈ ಕೀಲಿಯನ್ನು ಬದಲಾಯಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬದಲಾಯಿಸಿಕೊಳ್ಳಲಿ. ಅವತ್ತು ಏನು ಬೇಡಬೇಕು ಎಂಬುದನ್ನು ಮೊದಲು ಅವರ ಹತ್ತಿರ ಬಾಯಿ ಬಿಟ್ಟು ಕೇಳಿ ತಿಳಿದುಕೊಳ್ಳುತ್ತೇನೆ, ಆಮೇಲೆ ಹಂಪಿಯ ಬಸ್ಸು ಹತ್ತುತ್ತೇನೆ. ನನ್ನ ವಿರೂಪಾಕ್ಷ ನಾನು ತಪ್ಪಾಗಿ ಬೇಡಿದ್ದನ್ನು ಹಿಂದಕ್ಕೆ ಕೊಟ್ಟವನು, ಕೆಟ್ಟದ್ದೆಂದು ಲೋಕ ಹೆದರುವುದನ್ನೇ ನನಗೆ ಔಷಧದ ದಾರಿ ಮಾಡಿದವನು. ಅವನಿಗೆ ನನ್ನ ಶರಣು. ಇದನ್ನು ಓದುವ ಭಕ್ತರು ಯಾರಾದರೂ ಇದ್ದರೆ ಅವರಿಗೂ ಇಷ್ಟೇ ಹೇಳುತ್ತೇನೆ: ಡಾಕ್ಟರರ ಮುಂದೆ ನಾಚಬೇಡಿ, ದೇವರ ಮುಂದೆಯೂ ನಾಚಬೇಡಿ.

ಸಿರಿ, ಚೇತು, ಈ ಹಾಳೆಗಳನ್ನು ಜೋಪಾನವಾಗಿಡಿ. ಕಂಪ್ಲಿ ಅಜ್ಜಿ ಕೊಟ್ಟ ಆ ಹಳದಿ ಬಟ್ಟೆಯಲ್ಲೇ ಇವನ್ನು ಸುತ್ತಿಡುತ್ತೇನೆ. ಸುತ್ತಿದರೆ ಸಾಕು, ಗಂಟು ಹಾಕಬೇಡಿ.